ಗುಂಡಿ ಒತ್ತಿದಾಗ ಗಣಕದೊಳಗೆ ನಡೆಯುವುದೇನು?

ಗುಂಡಿ ಒತ್ತದೆ ದಿನ ಕಳೆಯುವವರು ಈಗ ನಮ್ಮ ಆದೋನಿ ಸೀಮೆಯಲ್ಲಿ ಯಾರೂ ಸಿಗಲಾರರು. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಹಸಿರು ಗುಂಡಿಯೊಂದು, ಕೆಂಪು ಗುಂಡಿಯೊಂದು. ಅಂಗಡಿಯ ತೂಕದ ಯಂತ್ರಕ್ಕೆ ಸೊನ್ನೆಗೆ ತರುವ ಗುಂಡಿ. ಮನೆಯಲ್ಲಿ ಫೋನಿನ ಪಕ್ಕದ ಗುಂಡಿಗಳು. ಚುನಾವಣೆ ಬಂದಾಗ ಮತಯಂತ್ರದ ನೀಲಿ ಗುಂಡಿ. ಹೊರಗಿನಿಂದ ನೋಡಿದರೆ ಇವೆಲ್ಲ ಒಂದೇ ಬಗೆಯವು. ಒತ್ತಿದರೆ ಕೆಲಸ ಆಗುತ್ತದೆ, ಅಷ್ಟೆ. ಆದರೆ ಒಳಗೆ ಇವು ಎರಡು ಜಾತಿಯವು ಎಂಬುದನ್ನು ವಿದ್ಯಾರ್ಥಿಗಳು ಮೊದಲು ಗಮನಿಸಬೇಕು.

ಸ್ಟಾರ್ಟರಿನ ಹಸಿರು ಗುಂಡಿಯನ್ನು ಒತ್ತಿದಾಗ ಒಳಗಿನ ತಂತಿಯ ಸುರುಳಿಗೆ ವಿದ್ಯುತ್ತು ಹರಿಯುತ್ತದೆ. ಸುರುಳಿ ಅಯಸ್ಕಾಂತವಾಗಿ ಕಬ್ಬಿಣದ ತುಂಡನ್ನು ಸೆಳೆದು ಸಂಪರ್ಕವನ್ನು ಕೂಡಿಸುತ್ತದೆ, ಮೋಟಾರು ತಿರುಗುತ್ತದೆ. ಇಲ್ಲಿ ಬೆರಳೇ ಕೆಲಸವನ್ನು ಆರಂಭಿಸಿತು. ನಡುವೆ ಯೋಚಿಸುವವರು ಯಾರೂ ಇಲ್ಲ. ಫೋನಿನ ಪಕ್ಕದ ಗುಂಡಿ ಹಾಗಲ್ಲ. ಅದು ಧ್ವನಿಯನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ. ‘ನನ್ನನ್ನು ಯಾರೋ ಒತ್ತಿದರು’ ಎಂಬ ಸುದ್ದಿಯನ್ನು ಮಾತ್ರ ಕೊಡುತ್ತದೆ. ಆ ಸುದ್ದಿಯನ್ನು ಕೇಳಿ, ಅದು ನಿಜವೇ ಎಂದು ನೋಡಿ, ಬೇಕಾದವರಿಗೆ ಮುಟ್ಟಿಸಲು ಗಣಕದೊಳಗೆ ಒಬ್ಬ ಆಳು ಇರಬೇಕು. ಆ ಆಳೆಂದರೆ ಕೆಲವೇ ಸಾಲುಗಳ ಬರವಣಿಗೆ. ಅದಕ್ಕೆ ಡ್ರೈವರ್ ಎಂದು ಹೆಸರು. ಅದನ್ನು ಬರೆಯುವುದು ಹೇಗೆ ಎಂಬುದೇ ಈ ಪಾಠ.

‘ಕನ್ನಡದಲ್ಲಿ ಓದುವ ಮಕ್ಕಳು ಕಂಪ್ಯೂಟರನ್ನು ನಡೆಸುವುದನ್ನು ಕಲಿತಾರು, ಅದರ ಒಳಗನ್ನು ಅರಿಯುವುದು ಹೇಗೆ?’ ಎಂದು ಕೇಳುವ ಪಾಲಕರುಂಟು. ಅವರೂ ಮಕ್ಕಳ ಜೊತೆಗೆ ಕುಳಿತು ಇದನ್ನು ಓದಲಿ ಎಂದು ನಮ್ಮ ಕೋರಿಕೆ. ಹತ್ತನೆಯ ತರಗತಿಯ ಓಮ್ ನಿಯಮಕ್ಕಿಂತ ಹೆಚ್ಚಿನ ಭೌತಶಾಸ್ತ್ರ ಇದರಲ್ಲಿಲ್ಲ.

ಮೊದಲಿಗೆ ಕರ್ನೆಲ್ ಎಂದರೇನೆಂದು ತಿಳಿಯೋಣ. ಗಣಕದಲ್ಲಿ ಒಂದೇ ಕಾಲಕ್ಕೆ ಹತ್ತಾರು ಕೆಲಸಗಳು ನಡೆಯುತ್ತಿರುತ್ತವೆ. ಹಾಡು ಕೇಳಿಸುವುದೊಂದು, ಚಿತ್ರ ತೋರಿಸುವುದೊಂದು, ಲೆಕ್ಕ ಮಾಡುವುದೊಂದು. ಇವುಗಳಿಗೆಲ್ಲ ಸಮಯವನ್ನೂ ನೆನಪಿನ ಜಾಗವನ್ನೂ ಹಂಚುವ, ಪರದೆ, ಗುಂಡಿ, ಸ್ಪೀಕರು ಮುಂತಾದ ಸಾಧನಗಳನ್ನು ತನ್ನ ವಶದಲ್ಲಿಟ್ಟುಕೊಳ್ಳುವ ತಿರುಳಿನ ಭಾಗವೇ ಕರ್ನೆಲ್. ಉಳಿದ ಕಾರ್ಯಕ್ರಮಗಳು ಸಾಧನಗಳನ್ನು ನೇರವಾಗಿ ಮುಟ್ಟುವಂತಿಲ್ಲ, ಕರ್ನೆಲ್ಲನ್ನೇ ಕೇಳಬೇಕು. ಡ್ರೈವರು ಕರ್ನೆಲ್ಲಿನ ಒಳಮನೆಯಲ್ಲೇ ವಾಸ ಮಾಡುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಎಂಬುದು ಇಂಥ ಒಂದು ಕರ್ನೆಲ್. ಅದರ ಪ್ರತಿಯೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಮನೆಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಈ ಲಿನಕ್ಸ್ ಕರ್ನೆಲ್ಲೇ. ಅದಕ್ಕೂ ಮೊದಲೇ ನಮ್ಮ ನೆರೆಯ ಕರ್ನಾಟಕದಲ್ಲಿ ಇದನ್ನು ಅಂಗೈಯ ಯಂತ್ರದೊಳಗೆ ಇಟ್ಟವರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಕೈಗಣಕದ ಮಾದರಿಯನ್ನು ಹೊರತಂದರು. ಓದು ಬಾರದ ಹಳ್ಳಿಯವರೂ ಬಳಸುವಂತಿರಬೇಕೆಂಬುದು ಅವರ ಗುರಿ. ಅದಕ್ಕೆ ಕೀಲಿಮಣೆ ಇರಲಿಲ್ಲ. ಪರದೆಯನ್ನು ಮುಟ್ಟಲು ಒಂದು ಕಡ್ಡಿ, ಜೊತೆಗೆ ಕೆಲವೇ ಗುಂಡಿಗಳು. ಬರಹವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಲು ‘ಧ್ವನಿ’ ಎಂಬ ತಂತ್ರಾಂಶವನ್ನೂ ಸಿದ್ಧಪಡಿಸಿದ್ದರು. 2004ರಲ್ಲಿ ‘ಅಮಿದಾ’ ಎಂಬ ಹೆಸರಿನಲ್ಲಿ ಇದು ಮಾರಾಟಕ್ಕೂ ಬಂದಿತು. ತಯಾರಿಸಿಕೊಟ್ಟದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲವೆಂಬುದು ಬೇರೆ ಮಾತು. ಓದು ಬಾರದವನ ಕೈಯಲ್ಲಿರುವ ಯಂತ್ರದ ಗುಂಡಿ ಒಂದು ಒತ್ತನ್ನು ಎರಡಾಗಿ ತಿಳಿದರೆ ಅವನು ಏನು ಮಾಡಬೇಕು? ಪರದೆಯ ಮೇಲಿನದನ್ನು ಓದಿ ಸರಿಪಡಿಸಿಕೊಳ್ಳುವ ದಾರಿಯೂ ಅವನಿಗಿಲ್ಲ.

ಸಿಂಪ್ಯೂಟರಿನ ಮೆದುಳು ಸ್ಟ್ರಾಂಗ್‌ಆರ್ಮ್ ಎಂಬ ಸಂಸ್ಕಾರಕ. ಅದರ ಗಡಿಯಾರ ಸೆಕೆಂಡಿಗೆ 20 ಕೋಟಿ 60 ಲಕ್ಷ ಬಾರಿ ಮಿಡಿಯುತ್ತದೆ. ಅದಕ್ಕೆ ಸಾಮಾನ್ಯ ಉಪಯೋಗದ 28 ಕಾಲುಗಳಿವೆ. ಇಂಥ ಒಂದೊಂದು ಕಾಲಿಗೂ ಒಂದು ತಂತಿಯನ್ನು ಜೋಡಿಸಿ, ಅಲ್ಲಿ ವಿದ್ಯುತ್ ಒತ್ತಡ ಇದೆಯೇ ಇಲ್ಲವೇ ಎಂದು ಕೇಳಬಹುದು. ಇದ್ದರೆ 1, ಇಲ್ಲದಿದ್ದರೆ 0.

ಈಗ ಗುಂಡಿಯನ್ನು ಹೀಗೆ ಜೋಡಿಸುತ್ತೇವೆ. ಕಾಲನ್ನು 10,000 ಓಮ್‌ನ ಒಂದು ರೋಧಕದ ಮೂಲಕ 3.3 ವೋಲ್ಟಿಗೆ ಕಟ್ಟುತ್ತೇವೆ. ಗುಂಡಿಯ ಒಂದು ತುದಿ ಅದೇ ಕಾಲಿಗೆ, ಇನ್ನೊಂದು ತುದಿ ನೆಲಕ್ಕೆ, ಅಂದರೆ ಸೊನ್ನೆ ವೋಲ್ಟಿಗೆ. ಗುಂಡಿ ಸುಮ್ಮನಿದ್ದಾಗ ಕಾಲಿನಲ್ಲಿ 3.3 ವೋಲ್ಟು, ಓದಿದರೆ 1. ಒತ್ತಿದೊಡನೆ ಕಾಲು ನೆಲಕ್ಕೆ ಸೇರಿ 0 ಆಗುತ್ತದೆ. ಒತ್ತಿದರೆ ಸೊನ್ನೆ, ಬಿಟ್ಟರೆ ಒಂದು. ಇದು ಮೊದಲ ಸಲ ಓದುವವರಿಗೆ ತಲೆಕೆಳಗಾಗಿ ಕಾಣುತ್ತದೆ, ಆದರೆ ರೂಢಿ ಹೀಗೆಯೇ. ರೋಧಕ ಏಕೆ ಬೇಕು? ಅದಿಲ್ಲದೆ ತಂತಿಯನ್ನೇ ಇಟ್ಟರೆ ಗುಂಡಿ ಒತ್ತಿದಾಗ 3.3 ವೋಲ್ಟು ನೇರವಾಗಿ ನೆಲಕ್ಕೆ ಸೇರಿ ಶಾರ್ಟ್ ಆಗುತ್ತದೆ. ಏನನ್ನೂ ಇಡದಿದ್ದರೆ, ಗುಂಡಿ ಒತ್ತದಿರುವಾಗ ಕಾಲು ಎಲ್ಲಿಗೂ ಸೇರದೆ ತೇಲುತ್ತದೆ. ಹತ್ತಿರ ಕೈ ಸುಳಿದರೂ ಅದರ ಓದು ಬದಲಾಗಬಹುದು. ರೋಧಕವಿದ್ದಾಗ ಹರಿಯುವ ವಿದ್ಯುತ್ತು 3.3 ಭಾಗಿಸು 10,000, ಅಂದರೆ 0.33 ಮಿಲಿ ಆಂಪಿಯರ್ ಮಾತ್ರ.

ಇಷ್ಟಾದರೆ ಮುಗಿಯಿತೆಂದು ತೋರುತ್ತದೆ. ನಿಜವಾದ ತೊಡಕು ಇಲ್ಲಿಂದಲೇ ಆರಂಭ.

ಗುಂಡಿಯ ಒಳಗೆ ಇರುವುದು ಲೋಹದ ಸಣ್ಣ ಪಟ್ಟಿ. ಒತ್ತಿದಾಗ ಅದು ಇನ್ನೊಂದು ಲೋಹಕ್ಕೆ ತಾಗುತ್ತದೆ. ಚೆಂಡನ್ನು ನೆಲಕ್ಕೆ ಬಿಟ್ಟರೆ ಒಂದೇ ಏಟಿಗೆ ನಿಲ್ಲುತ್ತದೆಯೇ? ಪುಟಿದು ಪುಟಿದು ನಿಲ್ಲುತ್ತದೆ. ಲೋಹದ ಪಟ್ಟಿಯೂ ಹಾಗೆಯೇ ತಾಗಿ, ಬಿಟ್ಟು, ಮತ್ತೆ ತಾಗಿ, ಕೊನೆಗೆ ನೆಲೆಗೊಳ್ಳುತ್ತದೆ. ಈ ನಡುಕ ಕೆಲವು ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಒಂದು ಮಿಲಿಸೆಕೆಂಡೆಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ನಮ್ಮ ಬೆರಳಿಗೆ ಅದು ತಿಳಿಯುವುದೇ ಇಲ್ಲ. ಆದರೆ ಸ್ಟ್ರಾಂಗ್‌ಆರ್ಮ್‌ನ ಗಡಿಯಾರ ಒಂದು ಮಿಲಿಸೆಕೆಂಡಿನಲ್ಲಿ 2,06,000 ಬಾರಿ ಮಿಡಿಯುತ್ತದೆಂಬುದನ್ನು ಲೆಕ್ಕ ಹಾಕಿ ನೋಡಿ. ಐದು ಮಿಲಿಸೆಕೆಂಡಿನ ನಡುಕ ಅದಕ್ಕೆ ಹತ್ತು ಲಕ್ಷ ಮಿಡಿತಗಳಿಗೂ ಮೀರಿದ ದೀರ್ಘ ಕಾಲ. ಅಷ್ಟರಲ್ಲಿ 1, 0, 1, 0, 0, 1, 0 ಎಂದು ಎಷ್ಟೋ ಸಾರಿ ಬದಲಾದುದನ್ನು ಅದು ಕಾಣುತ್ತದೆ. ಕಂಡದ್ದನ್ನೆಲ್ಲ ನಂಬಿದರೆ, ನಾವು ಒಮ್ಮೆ ಒತ್ತಿದ್ದು ಮೂರು ಬಾರಿ ಒತ್ತಿದಂತಾಗುತ್ತದೆ. ಹಳೆಯದಾದ ಮೌಸಿನಲ್ಲಿ ಒಮ್ಮೆ ಒತ್ತಿದರೆ ಎರಡು ಬಾರಿ ಒತ್ತಿದಂತೆ ಆಗುವುದನ್ನು ಕೆಲವರು ನೋಡಿರಬಹುದು. ಲೋಹದ ಪಟ್ಟಿ ಸವೆದು ನಡುಕ ಹೆಚ್ಚಾದುದೇ ಅದಕ್ಕೆ ಸಾಮಾನ್ಯ ಕಾರಣ.

ಇದಕ್ಕೆ ಪರಿಹಾರವೇನು? ಆದೋನಿಯ ಮಾರುಕಟ್ಟೆಗೆ ಹತ್ತಿ ತಂದ ರೈತರಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ. ತಕ್ಕಡಿಯ ತಟ್ಟೆಗೆ ಮಾಲು ಬಿದ್ದೊಡನೆ ಮುಳ್ಳು ಅತ್ತಿತ್ತ ಓಲಾಡುತ್ತದೆ. ಓಲಾಡುವಾಗಲೇ ತೂಕ ಕೂಗಿದರೆ ಅದು ಮೋಸ. ಮುಳ್ಳು ನಿಲ್ಲುವ ತನಕ ಕಾಯ್ದು, ನಿಂತ ಮೇಲೆ ಒಮ್ಮೆ ನೋಡಿ, ಒಂದೇ ತೂಕ ಹೇಳಬೇಕು. ಡ್ರೈವರು ಮಾಡಬೇಕಾದುದೂ ಇದನ್ನೇ. ಮೊದಲ ಬದಲಾವಣೆ ಕಂಡೊಡನೆ ಏನನ್ನೂ ಹೇಳದೆ ಕಾಯುವುದು. ನಡುವೆ ಮತ್ತೆ ಅಲುಗಿದರೆ ಕಾಯುವ ಅವಧಿಯನ್ನು ಹೊಸದಾಗಿ ಎಣಿಸುವುದು. ಐದು ಮಿಲಿಸೆಕೆಂಡಿನ ಕಾಲ ಅಲುಗದೆ ನಿಂತರೆ ಆಗ ಕಾಲನ್ನು ಓದಿ ಒಂದೇ ವರದಿ ಕೊಡುವುದು.

ಹಾಗಾದರೆ ಮೊದಲ ಬದಲಾವಣೆಯನ್ನು ಕಾಣುವುದು ಹೇಗೆ? ಎರಡು ದಾರಿಗಳಿವೆ. ಅತಿಥಿ ಬರುವನೆಂದು ಐದು ನಿಮಿಷಕ್ಕೊಮ್ಮೆ ಬಾಗಿಲು ತೆರೆದು ನೋಡುವುದು ಒಂದು. ಒಳಗೆ ನಮ್ಮ ಕೆಲಸ ಮಾಡಿಕೊಂಡಿದ್ದು, ಬಾಗಿಲು ಬಡಿದಾಗ ಎದ್ದು ಹೋಗುವುದು ಇನ್ನೊಂದು. ಮೊದಲನೆಯದರಲ್ಲಿ ಶ್ರಮ ವ್ಯರ್ಥ. ಸಣ್ಣ ಬ್ಯಾಟರಿಯಲ್ಲಿ ನಡೆಯುವ ಕೈಯಂತ್ರಕ್ಕೆ ಅದು ಹೇಳಿಸಿದ್ದಲ್ಲ. ಎರಡನೆಯದಕ್ಕೆ ಗಣಕದ ಭಾಷೆಯಲ್ಲಿ ಇಂಟರಪ್ಟ್ ಎನ್ನುತ್ತಾರೆ, ‘ಅಡ್ಡಕರೆ’ ಎಂದು ನಾವು ಕರೆಯೋಣ. ಕಾಲಿನ ಸ್ಥಿತಿ ಬದಲಾದೊಡನೆ ಸಂಸ್ಕಾರಕ ತಾನು ಮಾಡುತ್ತಿದ್ದ ಕೆಲಸವನ್ನು ಇದ್ದಲ್ಲಿಗೇ ಗುರುತಿಟ್ಟು ನಿಲ್ಲಿಸಿ, ನಮ್ಮ ಡ್ರೈವರನ್ನು ಕರೆಯುತ್ತದೆ. ಅದು ಮುಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಇಲ್ಲೊಂದು ಕಟ್ಟುನಿಟ್ಟಾದ ನಿಯಮ ಇದೆ. ಅಡ್ಡಕರೆಗೆ ಓಗೊಡುವ ಭಾಗ ಅತಿ ಚಿಕ್ಕದಾಗಿರಬೇಕು. ಅದು ನಿದ್ದೆ ಮಾಡುವಂತಿಲ್ಲ. ‘ಐದು ಮಿಲಿಸೆಕೆಂಡು ಕಾಯಬೇಕಲ್ಲವೇ, ಅಲ್ಲೇ ಕಾಯ್ದರಾಯಿತು’ ಎಂದು ಜಾಣ ವಿದ್ಯಾರ್ಥಿಯೊಬ್ಬ ಹೇಳಬಹುದು. ಕಾಯುವಂತಿಲ್ಲ, ಏಕೆಂದರೆ ಆ ಸಂಸ್ಕಾರಕದ ಉಳಿದ ಕೆಲಸಗಳೆಲ್ಲ ಆ ತನಕ ಬಾಗಿಲಲ್ಲಿ ನಿಂತಿರುತ್ತವೆ. ಆದ್ದರಿಂದ ಕೆಲಸವನ್ನು ಎರಡು ಪಾಲು ಮಾಡುತ್ತಾರೆ. ಕಚೇರಿಯ ಜವಾನನು ಟಪಾಲನ್ನು ಪಡೆದು ಸಹಿ ಹಾಕಿ ಮೇಜಿನ ಮೇಲಿಡುತ್ತಾನೆ. ಒಡೆದು ಓದುವುದು ಗುಮಾಸ್ತನ ಪಾಲು. ಹಾಗೆಯೇ ಓಗೊಡುವ ಭಾಗವು ಒಂದು ಗಳಿಗೆ ಬಟ್ಟಲನ್ನು, ಅಂದರೆ ಟೈಮರನ್ನು, ಐದು ಮಿಲಿಸೆಕೆಂಡಿಗೆ ಇಟ್ಟು ಹಿಂದಿರುಗುತ್ತದೆ. ಟೈಮರು ತುಂಬಿದಾಗ ಎರಡನೆಯ ಭಾಗ ಎಚ್ಚೆತ್ತು ಗುಂಡಿಯ ಸ್ಥಿತಿಯನ್ನು ಓದುತ್ತದೆ.

ಇನ್ನು ಬರವಣಿಗೆ. ಇದನ್ನು ಸಿ ಎಂಬ ಭಾಷೆಯಲ್ಲಿ ಬರೆಯುತ್ತಾರೆ. ಅದರ ಪದಗಳನ್ನು ಗಣಕದಲ್ಲಿ ರೋಮನ್ ಲಿಪಿಯಲ್ಲಿ, ಪದಗಳ ನಡುವೆ ಅಡಿಗೆರೆ ಹಾಕಿ ಟೈಪು ಮಾಡಬೇಕು. ನಾವು ಇಲ್ಲಿ ಉಚ್ಚಾರಣೆಯನ್ನಷ್ಟೇ ಕೊಡುತ್ತೇವೆ. ಡ್ರೈವರು ಕರ್ನೆಲ್ಲಿನೊಳಗೆ ಕಾಲಿಟ್ಟಾಗ ನಡೆಯುವ ಭಾಗ ‘ಮಾಡ್ಯೂಲ್ ಇನಿಟ್’. ಅದರಲ್ಲಿ ಮೊದಲು ‘ಇನ್‌ಪುಟ್ ಅಲೊಕೇಟ್ ಡಿವೈಸ್’ ಎಂದು ಕೇಳಿ ಒಂದು ಖಾತೆ ತೆರೆಯಬೇಕು. ಈ ಗುಂಡಿ ಯಾವ ಸುದ್ದಿಯನ್ನು ಕೊಡಬಲ್ಲದೆಂದು ಖಾತೆಯಲ್ಲಿ ನಮೂದಿಸಬೇಕು. ಪ್ರತಿಯೊಂದು ಕೀಲಿಗೂ ಲಿನಕ್ಸಿನಲ್ಲಿ ಒಂದು ಸಂಖ್ಯೆ ನಿಗದಿಯಾಗಿದೆ: ಧ್ವನಿ ತಗ್ಗಿಸುವುದಕ್ಕೆ 114, ಹೆಚ್ಚಿಸುವುದಕ್ಕೆ 115, ಯಂತ್ರ ನಿಲ್ಲಿಸುವ ಪವರ್ ಗುಂಡಿಗೆ 116. ಅನಂತರ ಟೈಮರನ್ನು ಅಣಿಮಾಡಿ, ‘ರಿಕ್ವೆಸ್ಟ್ ಐಆರ್‌ಕ್ಯೂ’ ಎಂದು ಅಡ್ಡಕರೆಯನ್ನು ಕೇಳಿಕೊಳ್ಳಬೇಕು. ಒತ್ತುವಾಗಲೂ ಬಿಡುವಾಗಲೂ ಕರೆ ಎಂದು ಸ್ಪಷ್ಟವಾಗಿ ಹೇಳಬೇಕು. ಕೊನೆಗೆ ‘ಇನ್‌ಪುಟ್ ರಿಜಿಸ್ಟರ್ ಡಿವೈಸ್’ ಎಂದು ಖಾತೆಯನ್ನು ಎಲ್ಲರಿಗೂ ತೆರೆಯಬೇಕು.

ಈ ಅನುಕ್ರಮ ಸುಮ್ಮನೆ ಬಂದದ್ದಲ್ಲ. ಖಾತೆ ತೆರೆಯುವ ಮೊದಲೇ ಅಡ್ಡಕರೆಯನ್ನು ಕೇಳಿಕೊಂಡೆವೆನ್ನಿ. ಅದೇ ಕ್ಷಣಕ್ಕೆ ಯಾರಾದರೂ ಗುಂಡಿ ಒತ್ತಿದರೆ, ಡ್ರೈವರು ಇಲ್ಲದ ಖಾತೆಗೆ ಬರೆಯಲು ಹೋಗುತ್ತದೆ. ಇಂಥ ದೋಷ ಸಾವಿರ ಸಲ ಪರೀಕ್ಷಿಸಿದರೂ ಕಾಣದೆ, ಸಾವಿರದ ಒಂದನೆಯ ಸಲ ಕಾಣುವ ಜಾತಿಯದು.

ಟೈಮರು ತುಂಬಿದಾಗ ನಡೆಯುವ ಭಾಗ ಮೂರೇ ಸಾಲು. ಕಾಲನ್ನು ಓದು. ‘ಇನ್‌ಪುಟ್ ರಿಪೋರ್ಟ್ ಕೀ’ ಎಂದು ವರದಿ ಕೊಡು. ಕಾಲಿನಲ್ಲಿ 0 ಇದ್ದರೆ ‘ಒತ್ತಿದೆ’ ಎಂದು, 1 ಇದ್ದರೆ ‘ಬಿಟ್ಟಿದೆ’ ಎಂದು. ಬಳಿಕ ‘ಇನ್‌ಪುಟ್ ಸಿಂಕ್’, ಅಂದರೆ ‘ಇಲ್ಲಿಗೆ ಈ ಸುದ್ದಿ ಮುಗಿಯಿತು’ ಎಂಬ ಪೂರ್ಣವಿರಾಮ. ಧ್ವನಿ ಏರಿಸಬೇಕೇ, ಚಿತ್ರ ಬದಲಿಸಬೇಕೇ ಎಂಬುದನ್ನು ಡ್ರೈವರು ನಿರ್ಧರಿಸುವುದಿಲ್ಲ. ಅದು ಸುದ್ದಿ ಕೊಡುವವನೇ ಹೊರತು ಯಜಮಾನನಲ್ಲ.

ಹೊರಡುವಾಗ ‘ಮಾಡ್ಯೂಲ್ ಎಕ್ಸಿಟ್’ ಭಾಗ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಮೊದಲು ‘ಫ್ರೀ ಐಆರ್‌ಕ್ಯೂ’ ಎಂದು ಅಡ್ಡಕರೆಯನ್ನು ಬಿಟ್ಟುಕೊಡುವುದು, ಆಮೇಲೆ ಟೈಮರನ್ನು ನಿಲ್ಲಿಸುವುದು, ಕಡೆಗೆ ಖಾತೆ ಮುಚ್ಚುವುದು. ಟೈಮರನ್ನು ಮೊದಲು ನಿಲ್ಲಿಸಿದರೆ, ಕರೆ ಬಂದು ಅದನ್ನು ಮತ್ತೆ ಓಡಿಸೀತು.

ಇಷ್ಟು ಎಚ್ಚರ ಏಕೆಂದು ಪಾಲಕರು ಕೇಳಬಹುದು. ಸಾಮಾನ್ಯ ಕಾರ್ಯಕ್ರಮವೊಂದು ತಪ್ಪಿದರೆ ಕರ್ನೆಲ್ ಅದನ್ನು ಮಾತ್ರ ಹೊರಗೆ ಹಾಕುತ್ತದೆ, ಉಳಿದವು ನಡೆಯುತ್ತವೆ. ಡ್ರೈವರು ಒಳಮನೆಯಲ್ಲಿರುವುದರಿಂದ ಅದು ತಪ್ಪಿದರೆ ಇಡೀ ಮನೆಯೇ ಕುಸಿಯಬಹುದು. 2024ನೆಯ ಇಸವಿ ಜುಲೈ 19ರಂದು ಲೋಕವೆಲ್ಲ ಇದನ್ನು ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಗಣಕ ರಕ್ಷಣೆಯ ತಂತ್ರಾಂಶ ವಿಂಡೋಸ್ ಕರ್ನೆಲ್ಲಿನೊಳಗೆ ಡ್ರೈವರಾಗಿ ಕುಳಿತಿತ್ತು. ಅದಕ್ಕೆ ಕಳುಹಿಸಿದ ಹೊಸ ಕಡತ 21 ಅಂಶಗಳನ್ನು ನಿರೀಕ್ಷಿಸುವಂತಿತ್ತು, ಕೊಟ್ಟದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಯಂತ್ರಗಳು ನಿಂತುಬಿಟ್ಟವು. ಮೈಕ್ರೋಸಾಫ್ಟ್ ಕಂಪನಿಯ ಅಂದಾಜಿನ ಪ್ರಕಾರ ಅವುಗಳ ಸಂಖ್ಯೆ 85 ಲಕ್ಷ. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಎಣಿಕೆಯಲ್ಲಿ ಒಂದು ತಪ್ಪಿದ್ದಕ್ಕೆ ಇಷ್ಟು!

ಮತಯಂತ್ರದ ವಿಷಯವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಒಂದು ಒತ್ತು ಒಂದೇ ಆಗಿ ಎಣಿಕೆಯಾಗಬೇಕೆಂಬುದು ಅಲ್ಲಿಗಿಂತ ಮುಖ್ಯವಾದ ಸ್ಥಳ ಬೇರೊಂದಿಲ್ಲ. ಈ ಯಂತ್ರಗಳನ್ನು ತಯಾರಿಸುವುದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್. ಮೊದಲು ಬಳಕೆಯಾದದ್ದು 1982ರಲ್ಲಿ, ಕೇರಳದ ಪರೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ. 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದ ಎಲ್ಲ ಕ್ಷೇತ್ರಗಳಿಗೂ ಬಂದವು. ಇದು ಹತ್ತಾರು ಕೆಲಸ ಮಾಡುವ ಗಣಕವಲ್ಲ, ಒಂದೇ ಕೆಲಸದ ಯಂತ್ರ. ಆದ್ದರಿಂದ ನಾವು ಮೇಲೆ ಬರೆದಂಥ ಡ್ರೈವರು ಇದಕ್ಕೆ ಬೇಕಾಗಿಲ್ಲ. ಆದರೂ ಪ್ರಶ್ನೆ ಅದೇ. ಅಲ್ಲಿ ಇನ್ನೊಂದು ಬೀಗವನ್ನೂ ಹಾಕಿದ್ದಾರೆ. ಮತದಾರನು ನೀಲಿ ಗುಂಡಿಯನ್ನು ಒಮ್ಮೆ ಒತ್ತಿ, ದೀಪ ಹೊತ್ತಿ, ಸದ್ದು ಕೇಳಿದ ಮೇಲೆ, ಎಷ್ಟು ಸಲ ಒತ್ತಿದರೂ ಯಂತ್ರ ಕಿವಿಗೊಡುವುದಿಲ್ಲ. ಮೇಜಿನ ಮೇಲಿರುವ ನಿಯಂತ್ರಣ ಘಟಕದಿಂದ ಚುನಾವಣಾ ಅಧಿಕಾರಿ ಮತ್ತೆ ಅನುಮತಿಯ ಗುಂಡಿ ಒತ್ತಿದರೆ ಮಾತ್ರ ಮುಂದಿನ ಮತ. ಐದು ಮಿಲಿಸೆಕೆಂಡಿನ ಕಾಯುವಿಕೆ ಲೋಹದ ನಡುಕಕ್ಕೆ ಮದ್ದು. ಈ ಬೀಗ ಮನುಷ್ಯನ ಆತುರಕ್ಕೆ.

ಸ್ವತಃ ಮಾಡಿ ನೋಡಬಯಸುವವರಿಗೆ ರಾಸ್ಪ್‌ಬೆರಿ ಪೈ ಎಂಬ ಚಿಕ್ಕ ಗಣಕ ಸಾಕು. ಅದರ ಮೇಲೂ ಲಿನಕ್ಸ್ ನಡೆಯುತ್ತದೆ. ಅದರ ಕಾಲುಗಳು 3.3 ವೋಲ್ಟನ್ನು ಮಾತ್ರ ತಾಳುತ್ತವೆ; ಪಕ್ಕದಲ್ಲೇ ಇರುವ 5 ವೋಲ್ಟಿನ ಕಾಲನ್ನು ತಪ್ಪಿಯೂ ಇವಕ್ಕೆ ಜೋಡಿಸಬಾರದು, ಜೋಡಿಸಿದರೆ ಸಂಸ್ಕಾರಕ ಸುಟ್ಟುಹೋಗಬಹುದು. ಡ್ರೈವರನ್ನು ಒಳಗೆ ಕಳುಹಿಸಿದ ಮೇಲೆ ‘ಇವಿಟೆಸ್ಟ್’ ಎಂಬ ಕಾರ್ಯಕ್ರಮವನ್ನು ನಡೆಸಿದರೆ, ಒತ್ತಿದಾಗ 1, ಬಿಟ್ಟಾಗ 0 ಎಂದು ಪರದೆಯ ಮೇಲೆ ಬರುವುದನ್ನು ಕಾಣಬಹುದು. ಕಾಯುವ ಸಾಲನ್ನು ತೆಗೆದುಹಾಕಿ ಮತ್ತೆ ಪರೀಕ್ಷಿಸಿದರೆ ನಡುಕವೂ ಕಣ್ಣಿಗೆ ಬಿದ್ದೀತು.

ಇದನ್ನೆಲ್ಲ ಕಲಿತ ಮೇಲೆ ಹೇಳಬೇಕಾದ ಒಂದು ಮಾತಿದೆ, ಕೇಳಿ ನಗಬೇಡಿ. ಲಿನಕ್ಸಿನಲ್ಲಿ ಗುಂಡಿಗಳಿಗೆಂದು ‘ಜಿಪಿಐಒ ಕೀಸ್’ ಎಂಬ ಡ್ರೈವರು ಈಗಾಗಲೇ ಇದೆ. ಯಾವ ಕಾಲು, ಯಾವ ಕೀಲಿಯ ಸಂಖ್ಯೆ ಎಂದು ನಾಲ್ಕಾರು ಸಾಲು ತಿಳಿಸಿದರೆ ಉಳಿದುದನ್ನು ಅದೇ ನೋಡಿಕೊಳ್ಳುತ್ತದೆ. ಕಾಯುವ ಅವಧಿಯನ್ನು ನಾವು ಹೇಳದಿದ್ದರೆ ಐದು ಮಿಲಿಸೆಕೆಂಡು ಎಂದು ಹಿಡಿಯುತ್ತದೆ. ನಿಜವಾದ ಯಂತ್ರ ತಯಾರಿಸುವಾಗ ಅದನ್ನೇ ಬಳಸುವುದು ಮೇಲು. ಆದರೆ ಒಮ್ಮೆಯಾದರೂ ಕೈಯಾರೆ ಬರೆದವನಿಗೆ ಮಾತ್ರ ಆ ಐದು ಎಲ್ಲಿಂದ ಬಂತೆಂದು ತಿಳಿದೀತು.

ಅಭ್ಯಾಸಕ್ಕಾಗಿ ಎರಡು ಲೆಕ್ಕಗಳು. ರೋಧಕವನ್ನು 10,000 ಓಮ್‌ನ ಬದಲು 1,000 ಓಮ್ ಇಟ್ಟರೆ, ಗುಂಡಿ ಒತ್ತಿದಾಗ ಹರಿಯುವ ವಿದ್ಯುತ್ತು ಎಷ್ಟು? ಬ್ಯಾಟರಿಯ ದೃಷ್ಟಿಯಿಂದ ಯಾವುದು ಒಳ್ಳೆಯದು? ಎರಡನೆಯದು ಸ್ವಲ್ಪ ಯೋಚಿಸಬೇಕಾದದ್ದು: ಕಾಯುವ ಅವಧಿಯನ್ನು ಐದರ ಬದಲು 500 ಮಿಲಿಸೆಕೆಂಡು ಮಾಡಿದೆವು. ಹುಡುಗನೊಬ್ಬ ಗುಂಡಿಯನ್ನು ಸೆಕೆಂಡಿಗೆ ಐದು ಬಾರಿಯಂತೆ ನಾಲ್ಕು ಸೆಕೆಂಡು ಬಿಡದೆ ಒತ್ತಿ ಬಿಟ್ಟ. ಡ್ರೈವರು ಒಟ್ಟು ಎಷ್ಟು ಒತ್ತುಗಳನ್ನು ವರದಿ ಮಾಡುತ್ತದೆ? ಉತ್ತರ ಇಪ್ಪತ್ತಲ್ಲ, ನಾಲ್ಕೂ ಅಲ್ಲ ಎಂದಷ್ಟೇ ಹೇಳುತ್ತೇವೆ.